ಹಿಡಿ ಇರುವ ಪೆಟ್ಟಿಗೆ

ಸುಗಂಧಿಗೆ ಗಂಡನ ಮೇಲಿದ್ದ ದೂರುಗಳಲ್ಲಿ ಮುಖ್ಯವಾದದ್ದು, ಅವನು ಕೆಟ್ಟವನಲ್ಲ ಎನ್ನುವುದು. ಕೆಟ್ಟವನಾಗಿದ್ದರೆ ಜಗಳಕ್ಕೆ ಒಂದು ದಾರಿ ಇರುತ್ತಿತ್ತು; ಊರವರಾದರೂ ಅವಳ ಪರವಾಗಿ ನಾಲ್ಕು ಮಾತು ಆಡುತ್ತಿದ್ದರು. ಶೇಖರ ಕುಡಿಯುವವನಲ್ಲ, ಬೈಯುವವನಲ್ಲ, ಹೆಂಡತಿಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡವನು. ಆ ಪ್ರಾಣವನ್ನು ಎತ್ತಿ ಆಚೆ ಇಡುವುದು ಹೇಗೆ ಎಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಕಾಪು ಪೇಟೆಯಲ್ಲಿ ಶೇಖರ ಹೆಸರುವಾಸಿ ಮದುವೆ ವಿಡಿಯೋಗ್ರಾಫರ್. ಅವನು ತೆಗೆದು ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಧಾರೆಯ ಹೊತ್ತಿನ ಪುರೋಹಿತರ ಕೆಮ್ಮನ್ನು ಅಳಿಸಿ, ಊಟದ ಪಂಕ್ತಿಯಲ್ಲಿ ಬಾಯಿ ತೆರೆದು ಸಿಕ್ಕಿಬಿದ್ದ ಮಾವಂದಿರನ್ನು ಮರ್ಯಾದೆಯಿಂದ ಹೊರಗಿಟ್ಟು ಡಿವಿಡಿ ಮಾಡುವವಳು ಸುಗಂಧಿ. ಡಿವಿಡಿಯ ಹೊದಿಕೆಯ ಮೇಲೆ ಮಾತ್ರ ‘ಶೇಖರ್ ವಿಡಿಯೋಸ್’ ಎಂದಿರುತ್ತಿತ್ತು. (ತನ್ನ ಹೆಸರನ್ನೂ ಹಾಕಬಹುದಲ್ಲ ಎಂದು ಒಮ್ಮೆ ಕೇಳಿಯೂ ನೋಡಿದ್ದಳು. “ಜಾಗ ಇಲ್ಲ ಮಾರಾಯ್ತಿ” ಎಂದಿದ್ದ. ವಧುವಿನ ಸೋದರಮಾವನ ಹಾರ್ಡ್‌ವೇರ್ ಅಂಗಡಿಯ ಹೆಸರಿಗೆ ಜಾಗ ಇತ್ತು.)

ಮಗಳು ಚೈತಾಲಿ ಹುಟ್ಟುವಾಗ ಬಾಣಂತನಕ್ಕೆಂದು ಅವಳು ಕಾರ್ಕಳದ ತವರಿಗೆ ಹೋಗಿ, ಐದು ತಿಂಗಳು ಕಳೆದು ಮರಳಿದಾಗ ಅವಳ ಕುರ್ಚಿಯಲ್ಲಿ ಉಡುಪಿಯ ರೊಸಾರಿಯೊ ಕೂತಿದ್ದ. ಒಳ್ಳೆಯ ಮನುಷ್ಯ. ಯಾರದೇ ಮದುವೆ ಇರಲಿ, ಧಾರೆ ಎರೆಯುವಾಗ ಪರದೆಯ ತುಂಬ ಕೆಂಪು ಹೃದಯಗಳನ್ನು ಹಾರಿಸುತ್ತಿದ್ದ. ಆ ಕುರ್ಚಿ ಸುಗಂಧಿಗೆ ಮರಳಿ ಸಿಗಲು ಒಂದು ವರ್ಷ ಹಿಡಿಯಿತು.

ಈಗ, 2008ರಲ್ಲಿ, ಎರಡನೆಯದಕ್ಕೆ ಮೂರು ತಿಂಗಳು ತುಂಬಿತ್ತು. ಹಳೆಯ ಕಂಪ್ಯೂಟರ್ ಹೇಗೂ ಕೊನೆಯುಸಿರು ಎಳೆಯುತ್ತಿತ್ತು. ಸುಗಂಧಿ ಡೈರಿ ತೆಗೆದು ಬರೆದಳು: ‘ಈ ಸಲ ತವರಿಗೆ ಹೋಗುವಾಗ ಕಂಪ್ಯೂಟರ್ ನನ್ನ ಜೊತೆ ಬರುತ್ತದೆ. ಶಕ್ತಿ ಪೂರ್ತಿ ಇರಬೇಕು. ಗಾತ್ರ ಬಸ್ಸಿಗೆ ಹಿಡಿಸಬೇಕು.’

ಶೇಖರನ ಸಿದ್ಧಾಂತ ಬೇರೆಯೇ ಇತ್ತು. ಯಂತ್ರದ ಶಕ್ತಿ ಅದರ ಎತ್ತರದಲ್ಲಿರುತ್ತದೆ ಎಂದು ಅವನು ನಂಬಿದ್ದ.

“ಟವರ್ ತಗೊಳ್ಳುವ. ಸೊಂಟದವರೆಗೆ ಬರ್ಬೇಕು. ಎದುರು ನಾಲ್ಕು ನೀಲಿ ಫ್ಯಾನು. ಮನೆಗೆ ಬಂದ ಗಿರಾಕಿ ಅದನ್ನು ನೋಡಿಯೇ ಅರ್ಧ ಹೆದರ್ಬೇಕು.”

“ಅದನ್ನು ಕಾರ್ಕಳಕ್ಕೆ ಯಾರು ಹೊರುದು?”

“ಕಾರ್ಕಳಕ್ಕೆ ಯಾಕೆ? ನೀನು ಅಲ್ಲಿ ವಿಶ್ರಾಂತಿ ತಗೊಳ್ಳಲಿಕ್ಕೆ ಹೋಗುದಲ್ವಾ?”

“ಹೋದ ಸಲ ತಗೊಂಡೆ. ಇನ್ನೂ ಮುಗಿದಿಲ್ಲ ಅದು.”

ಲ್ಯಾಪ್‌ಟಾಪ್ ಆಗಬಾರದೇ ಎಂದು ಅತ್ತೆ ವಾರಿಜಕ್ಕ ಕೇಳಿದರು. ಅವರ ತಂಗಿಯ ಮಗನಲ್ಲಿ ಒಂದು ಇತ್ತು. ಅದರ ಮೇಲೆ ಎರಡು ಗಂಟೆ ಮದುವೆ ವಿಡಿಯೋ ಹೊರಿಸಿದರೆ ಅದು ಬಿಸಿಯಾಗಿ, ಬುಸುಗುಟ್ಟಿ, ತಾನೇ ಆರಿಹೋಗುತ್ತದೆ ಎಂದು ಸುಗಂಧಿ ವಿವರಿಸಿದಳು. “ಹಾಗಾದ್ರೆ ನಮ್ಮ ಶೇಖರನ ಹಾಗೆ” ಎಂದು ಅತ್ತೆ ವಿಷಯ ಮುಗಿಸಿದರು.

ಮರುವಾರ ಸುಗಂಧಿ ಪಡುಬಿದ್ರಿಗೆ ಹೋಗಿ, ಜನ ತುಂಬಲೆಂದು ನಿಂತಿದ್ದ ಕಾರ್ಕಳದ ಬಸ್ಸನ್ನು ಹತ್ತಿದಳು. ಚೀಲದಿಂದ ಹೊಲಿಗೆಯ ಟೇಪು ತೆಗೆದು, ಡ್ರೈವರನ ಬೆನ್ನ ಹಿಂದಿನ ಸೀಟಿನಡಿ ಬಗ್ಗಿ ಅಳೆಯತೊಡಗಿದಳು. ಕಂಡಕ್ಟರ್ ಕರುಣಾಕರ ಬಾಗಿಲಲ್ಲೇ ನಿಂತುಬಿಟ್ಟ.

“ಎಂತ ಅಕ್ಕಾ, ಬಸ್ಸಿಗೆ ರವಿಕೆ ಹೊಲಿಸ್ಲಿಕ್ಕುಂಟಾ?”

“ಒಂದು ಪೆಟ್ಟಿಗೆ ಇಡ್ಲಿಕ್ಕುಂಟು. ಇಲ್ಲಿ ಹಿಡೀತದಾ ನೋಡ್ತಿದ್ದೇನೆ.”

“ಅದು ಮೀನಿನ ಬುಟ್ಟಿಯ ಜಾಗ. ಬೆಳಿಗ್ಗೆಯ ಟ್ರಿಪ್ಪಿನಲ್ಲಿ ಬಂದ್ರೆ ನಿಮ್ಮ ಪೆಟ್ಟಿಗೆಗೆ ಬಂಗುಡೆಯ ಪರಿಮಳ ಫ್ರೀ.”

“ಮಧ್ಯಾಹ್ನದ ಟ್ರಿಪ್ಪು?”

“ಮಧ್ಯಾಹ್ನ ಖಾಲಿ. ಯಾವಾಗ ಹೇಳಿ, ಹಿಡಿದಿಡ್ತೇನೆ. ಆದ್ರೆ ನಂದಿಕೂರಿನ ಹತ್ತಿರ ಗಟ್ಟಿ ಹಿಡ್ಕೊಳ್ಳಿ. ಪವರ್ ಪ್ಲಾಂಟಿನ ಲಾರಿಗಳು ಓಡಿ ಓಡಿ ಅಲ್ಲಿ ರಸ್ತೆ ಉಂಟೂಂತ ಹೇಳುದೇ ಧೈರ್ಯ.”

ಎತ್ತರ ಹನ್ನೊಂದು ಇಂಚು, ಅಗಲ ಹನ್ನೆರಡು, ಉದ್ದ ಹದಿನೈದು. ನಂದಿಕೂರಿಗಾಗಿ ಕೆಳಗೊಂದು ಮಡಚಿದ ಹಳೆಯ ಸೀರೆ. ಎಲ್ಲವೂ ಡೈರಿ ಸೇರಿತು.

ಅಳತೆಗಳನ್ನು ಹಿಡಿದು, ಗಂಡನನ್ನೂ ಎಳೆದುಕೊಂಡು ಅವಳು ಉಡುಪಿಯ ಕಜೆಟನ್ ಅವರ ಕಂಪ್ಯೂಟರ್ ಅಂಗಡಿಗೆ ಹೋದಳು. ಕಜೆಟನ್ ವ್ಯಾಪಾರಿ ಆಗಿದ್ದರೂ ಸತ್ಯವಂತರು. ಬೇಡದ ಮಾಲನ್ನು ಬೇಡವೆಂದೇ ಹೇಳಿ ಮಾರುತ್ತಿದ್ದರು. ಶೇಖರ ಒಳಗೆ ಕಾಲಿಟ್ಟವನೇ ಮೂಲೆಯಲ್ಲಿ ನೀಲಿಯಾಗಿ ಉರಿಯುತ್ತಿದ್ದ ಟವರೊಂದರ ಮುಂದೆ ಕೈಕಟ್ಟಿ ನಿಂತ. ಗರ್ಭಗುಡಿಯ ಮುಂದೆ ನಿಂತ ಹಾಗಿತ್ತು. ಸುಗಂಧಿ ಕೌಂಟರಿನ ಮೇಲೆ ಬಿಸ್ಕತ್ತಿನ ಪೆಟ್ಟಿಗೆಯ ರಟ್ಟಿನಿಂದ ಕತ್ತರಿಸಿದ ಒಂದು ಉದ್ದನೆಯ ತುಂಡನ್ನು ಇಟ್ಟಳು.

“ಎಂತ ಇದು?”

“ಗ್ರಾಫಿಕ್ಸ್ ಕಾರ್ಡಿನ ಅಳತೆ. ಒಂಬತ್ತು ಇಂಚು. ಇದು ಒಳಗೆ ಕೂರ್ಬೇಕು, ಪೆಟ್ಟಿಗೆ ಬಸ್ಸಿನಲ್ಲಿ ಕೂರ್ಬೇಕು.”

ಕಜೆಟನ್ ಕನ್ನಡಕ ಸರಿಮಾಡಿಕೊಂಡರು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಮಾದರಿ ರವಿಕೆ ತಂದಂತೆ ರಟ್ಟು ತಂದ ಗಿರಾಕಿ ಇದೇ ಮೊದಲು.

ಮೊದಲನೆಯ ಪೆಟ್ಟಿಗೆ ಊಟದ ಮಣೆಯಷ್ಟು ತೆಳ್ಳಗೆ, ಚೆಲುವಾಗಿತ್ತು. “ಇದರ ಪವರ್ ಸಪ್ಲೈ ಟೇಬಲ್ ಫ್ಯಾನಿಗೆ ಸಾಕು” ಎಂದು ಅವರೇ ಒಳಗಿಟ್ಟರು. ಎರಡನೆಯದರಲ್ಲಿ ರಟ್ಟು ಎಂಟು ಇಂಚಿನವರೆಗೆ ಸಲೀಸಾಗಿ ಹೋಗಿ, ಡಿವಿಡಿ ಡ್ರೈವಿಗೆ ಮುಖ ಕೊಟ್ಟು ನಿಂತಿತು.

“ಒಂದು ಇಂಚು ಅಡ್ಜಸ್ಟ್ ಮಾಡು ಮಾರಾಯ್ತಿ” ಎಂದ ಶೇಖರ ಟವರಿನ ಬಳಿಯಿಂದ.

“ಅಡ್ಜಸ್ಟ್ ಮಾಡುದಕ್ಕೆ ಅದು ಸೊಸೆ ಅಲ್ಲ, ಕಾರ್ಡು.”

ಮೂರನೆಯದನ್ನು ಕಜೆಟನ್ ಅಟ್ಟದಿಂದ ಇಳಿಸಿದರು. ಮಣಿಪಾಲದ ಕಾಲೇಜು ಹುಡುಗನೊಬ್ಬ ಆಟಕ್ಕೆಂದು ತರಿಸಿ, ಪರೀಕ್ಷೆಯ ಫಲಿತಾಂಶ ಬಂದ ಮೇಲೆ ತಂದೆಯ ಆಜ್ಞೆಯಂತೆ ಬಿಟ್ಟುಹೋದದ್ದು. ಚೌಕನೆಯ, ಕಪ್ಪಗಿನ ಗಟ್ಟಿ ಪೆಟ್ಟಿಗೆ. ಮದರ್‌ಬೋರ್ಡು ತಳದಲ್ಲಿ ಮಲಗುತ್ತದೆ. ಪವರ್ ಸಪ್ಲೈ ದೊಡ್ಡದೇ ಹಿಡಿಸುತ್ತದೆ. ಬಿಸಿ ಹೋಗಲು ಮೂರು ಕಡೆ ಜಾಲಿ. ರಟ್ಟು ಹೋಗಿ ಕೂತಿತು. ಮುಂದೆ ಅರ್ಧ ಇಂಚು ಉಳಿಯಿತು. ಹೊರಗೆ ಟೇಪು ಹಿಡಿದರೆ ಬಸ್ಸಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೇಲೆ, ಕಿರೀಟದಂತೆ, ಒಂದು ಉಕ್ಕಿನ ಹಿಡಿ.

“ಇದು ಕೋಳಿಗೂಡು” ಎಂದ ಶೇಖರ.

“ಇದರೊಳಗೆ ಹೋಗುದು ನಿಮ್ಮ ಟವರಿನೊಳಗೆ ಹೋಗುವ ಸಾಮಾನೇ ಶೇಖರಣ್ಣ” ಎಂದರು ಕಜೆಟನ್. “ಟವರಿನಲ್ಲಿ ಉಳಿದದ್ದು ಗಾಳಿ.”

ಗೆದ್ದ ಖುಷಿಯಲ್ಲಿ ಸುಗಂಧಿ ಒಂದು ತಪ್ಪು ಮಾಡಿದಳು. ಎಲ್ಲ ಜೋಡಿಸಿ ಮುಗಿದ ದಿನ, ಗಂಡನ ಮುಂದೆ ಆ ಹಿಡಿಗೆ ಕೈ ಹಾಕಿ ಪೆಟ್ಟಿಗೆಯನ್ನು ಎತ್ತಿ ತೋರಿಸಿದಳು. “ನೋಡಿ, ಕೊಡಪಾನದಷ್ಟೂ ಭಾರ ಇಲ್ಲ.”

ಶೇಖರ ಓಡಿಬಂದು ಕಸಿದುಕೊಂಡ. “ಬಸುರಿ ಭಾರ ಎತ್ತುದಾ? ತಲೆ ಉಂಟಾ ನಿಂಗೆ?” ಅವನ ಕಣ್ಣಲ್ಲಿ ನಿಜವಾದ ಗಾಬರಿ ಇತ್ತು. ಅದನ್ನು ಕಂಡು ಅವಳ ಮನಸ್ಸೂ ಕರಗಿತು. ಆ ಸಂಜೆ ಡೈರಿಯಲ್ಲಿ ‘ಇವರು ಒಳ್ಳೆಯವರು’ ಎಂದು ಬರೆದು, ಕೆಳಗೆ ಗೆರೆ ಎಳೆದಳು. ಬಸ್ಸನ್ನು ಅಳೆದವಳು, ಕಾರ್ಡನ್ನು ಅಳೆದವಳು, ಆ ಪೆಟ್ಟಿಗೆಯನ್ನು ಎತ್ತುವ ಹೊತ್ತಿಗೆ ತನಗೆಷ್ಟು ತಿಂಗಳಾಗಿರುತ್ತದೆ ಎಂಬುದೊಂದನ್ನು ಅಳೆದಿರಲಿಲ್ಲ.

ಅಂದಿನಿಂದ ಪೆಟ್ಟಿಗೆಯನ್ನು ಎತ್ತುವ ಹಕ್ಕು ಶೇಖರನದಾಯಿತು. ಎತ್ತಿದ ಮೇಲೆ ಅವನಿಗೂ ಗೊತ್ತಾಯಿತು, ಇದು ಹಗುರ. ಹಗುರವಾದದ್ದನ್ನು ಕೈಯಲ್ಲಿ ಹಿಡಿದ ಗಂಡಸು ಸುಮ್ಮನೆ ನಿಲ್ಲುವುದಿಲ್ಲ, ಎಲ್ಲಿಗಾದರೂ ಹೊರಡುತ್ತಾನೆ. ಶೇಖರನಿಗೆ ಒಂದು ಮಹದಾಲೋಚನೆ ಹೊಳೆಯಿತು: ಪೆಟ್ಟಿಗೆಯನ್ನು ಮದುವೆ ಹಾಲಿಗೇ ಒಯ್ದರೆ, ಬೆಳಿಗ್ಗೆಯ ಧಾರೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಪರದೆಯ ಮೇಲೆ ತೋರಿಸಬಹುದಲ್ಲ!

ಕಾಪುವಿನ ಒಂದು ಹಾಲಿನಲ್ಲಿ ಅದರ ಪ್ರಥಮ ಪ್ರಯೋಗ ನಡೆಯಿತು. ಆರು ತಿಂಗಳ ಸುಗಂಧಿ ವಧುವಿನ ಕೋಣೆಯಲ್ಲಿ, ಬಿಚ್ಚಿಟ್ಟ ಸೀರೆಗಳ ಮತ್ತು ಕಟ್ಟಿದ ಮಲ್ಲಿಗೆಯ ಅಟ್ಟಿಗಳ ನಡುವೆ, ಸೊಂಟ ಹಿಡಿದುಕೊಂಡು ಕೂತು ಹತ್ತು ನಿಮಿಷದ ಚಿತ್ರ ಮಾಡಿದಳು. ಶೇಖರ ಪೆಟ್ಟಿಗೆಯನ್ನು ಹೊರಗೊಯ್ದ. ಪಾಯಸ ಬಡಿಸುವ ಹೊತ್ತಿಗೆ ಪರದೆಯ ಮೇಲೆ ಧಾರೆ ಎರೆದಾಯಿತು. ಇಡೀ ಸಭೆ ಚಪ್ಪಾಳೆ ತಟ್ಟಿತು. ಸುಗಂಧಿ ಬಾಗಿಲ ಸಂದಿಯಿಂದ ನೋಡಿದಳು. ಜನ ಶೇಖರನ ಸುತ್ತ ನಿಂತಿದ್ದರು. ಅವನು ಪ್ರೊಜೆಕ್ಟರಿನ ಪಕ್ಕದ ಪೆಟ್ಟಿಗೆಯನ್ನು ತೋರಿಸುತ್ತಿದ್ದ.

“ಎಂತ ಪೆಟ್ಟಿಗೆ ಮಾರಾಯ ನಿಂದು!”

“ನಾನೇ ಹುಡುಕಿ ತಂದದ್ದು” ಎನ್ನುತ್ತಿದ್ದ ಶೇಖರ. “ಎಲ್ಲರೂ ಟವರ್ ಟವರ್ ಅಂತಾರೆ. ಟವರಿನಲ್ಲಿ ಎಂತ ಉಂಟು? ಗಾಳಿ.”

(ಆ ಸಂಜೆಯ ಡೈರಿಯಲ್ಲಿ ‘ಇವರು ಒಳ್ಳೆಯವರು’ ಎಂಬುದರ ಕೆಳಗಿನ ಗೆರೆಯನ್ನು ಅವಳು ರಬ್ಬರಿನಿಂದ ಉಜ್ಜಿದಳು. ಪೆನ್ನಿನ ಗೆರೆ, ಹೋಗಲಿಲ್ಲ, ಕಾಗದ ಹರಿಯಿತು.)

ಆಮೇಲೆ ಮದುವೆಯ ಮೇಲೆ ಮದುವೆ. ಏಳು ತಿಂಗಳು ತುಂಬಿ, ತವರಿಗೆ ಹೋಗುವ ದಿನ ನಿಶ್ಚಯವಾದಾಗ ಸುಗಂಧಿ ಹಳೆಯ ಸೀರೆಯನ್ನು ಮಡಚಿ ಪೆಟ್ಟಿಗೆಯ ಪಕ್ಕ ಇಟ್ಟಳು. ಶೇಖರ ಅದನ್ನು ನೋಡಿ, ಮಗುವಿಗೆ ತಿಳಿಹೇಳುವವನಂತೆ ಪಕ್ಕದಲ್ಲಿ ಕೂತ.

“ಪೆಟ್ಟಿಗೆ ಹೋದ್ರೆ ನಾನು ಹಾಲಿನಲ್ಲಿ ಎಂತ ತೋರಿಸುದು?”

“ಮತ್ತೆ ನಾನು ಅಲ್ಲಿ ಎಂತ ಮಾಡುದು? ಇದನ್ನು ತಂದದ್ದು ಯಾಕೆ?”

“ನೀನು ಆರಾಮ ಮಾಡು. ರೊಸಾರಿಯೊ ಬರ್ತೇನೆ ಅಂದಿದ್ದಾನೆ.”

“ಹೃದಯ ಹಾರಿಸ್ಲಿಕ್ಕೆ?”

“ಈಗ ಅವನು ಪಾರಿವಾಳವೂ ಕಲ್ತಿದ್ದಾನೆ” ಎಂದ ಶೇಖರ, ಹೆಮ್ಮೆಯಿಂದ.

ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು. “ಹೆರಿಗೆಗೆ ಹೋಗುವ ಹೆಂಗಸು ಕಬ್ಬಿಣದ ಪೆಟ್ಟಿಗೆ ಹೊತ್ತು ಹೋಗುದಾ? ಶಾಸ್ತ್ರದಲ್ಲಿ ಇಲ್ಲ.” ಯಾವ ಶಾಸ್ತ್ರ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಚೈತಾಲಿಗೆ ಮಾತ್ರ ಇತ್ತು, ಅವಳು ನಿದ್ದೆಯಲ್ಲಿದ್ದಳು.

ಸುಗಂಧಿಗೆ ಆಗ ಅರಿವಾದದ್ದು ಇಷ್ಟು: ಸೊಂಟದೆತ್ತರದ ಟವರ್ ತಂದಿದ್ದರೆ ಯಾರೂ ಅದನ್ನು ಅಲುಗಿಸುತ್ತಿರಲಿಲ್ಲ. ಅದು ಮೂಲೆಯಲ್ಲಿ ನೀಲಿಯಾಗಿ ಉರಿಯುತ್ತಿತ್ತು, ಕುರ್ಚಿ ಅವಳಿಗಾಗಿ ಕಾಯುತ್ತಿತ್ತು, ಮದುವೆಯವರು ಡಿವಿಡಿಗೆ ತಿಂಗಳುಗಟ್ಟಲೆ ಕಾಯುತ್ತಿದ್ದರು. ಇಷ್ಟೆಲ್ಲ ಹಟ ಮಾಡಿ ಅವಳು ಕೊಂಡು ತಂದದ್ದು, ಗಂಡನ ಕೈಗೆ ಸರಿಹೊಂದುವ ಒಂದು ಹಿಡಿಯನ್ನು.

ಹೊರಡುವ ಬೆಳಿಗ್ಗೆ, ಶೇಖರ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡಳು. ನಾಲ್ಕೇ ಸ್ಕ್ರೂ. ಹಿಡಿ ಕೈಗೆ ಬಂತು. ಅದನ್ನು ಮಗುವಿನ ಹಳೆಯ ಲಂಗೋಟಿಗಳ ನಡುವೆ ಸುತ್ತಿ ಚೀಲಕ್ಕೆ ಹಾಕಿದಳು. ಇನ್ನು ಎತ್ತಲಿ ನೋಡುವ.

ಪಡುಬಿದ್ರಿಯಲ್ಲಿ ಕರುಣಾಕರ ಮಾತಿಗೆ ತಪ್ಪದೆ ಸೀಟಿನಡಿಯನ್ನು ಖಾಲಿ ಇಟ್ಟಿದ್ದ. “ಎಲ್ಲಿ ಅಕ್ಕಾ ನಿಮ್ಮ ಪೆಟ್ಟಿಗೆ? ಎರಡು ಜನರಿಗೆ ಬೇಡ ಅಂದಿದ್ದೇನೆ.” ಹಿಂದಿನಿಂದ ಶೇಖರ ಅತ್ತೆ ಕೊಟ್ಟ ಹಲಸಿನ ಹಪ್ಪಳದ ತಗಡಿನ ಡಬ್ಬಿಯನ್ನು ತಂದು ಒಳಗೆ ನೂಕಿದ. “ನೋಡು, ಎಷ್ಟು ಸರಿಯಾಗಿ ಕೂತಿತು!” ಎಂದ. ಚೈತಾಲಿಯನ್ನು ಅವಳ ಪಕ್ಕದಲ್ಲಿ ಕೂರಿಸಿ, ಬಸ್ಸು ಹೊರಡುವಾಗ ಕಣ್ಣು ಒರೆಸಿಕೊಂಡ. ನಂದಿಕೂರಿನ ಹೊಂಡಗಳಲ್ಲಿ ಹಪ್ಪಳಗಳು ಗಲಗಲ ಎಂದವು. ಹಳೆಯ ಸೀರೆಯನ್ನು ಅವಳು ಬೆನ್ನಿಗೆ ಒತ್ತು ಕೊಟ್ಟುಕೊಂಡಳು.

ವಾರ ಕಳೆಯಿತು. ಕಾರ್ಕಳದ ಮನೆಯ ಅಂಗಳದಲ್ಲಿ ಒಂದು ಬೆಳಿಗ್ಗೆ ರಿಕ್ಷಾ ನಿಂತಿತು. ಶೇಖರ ಇಳಿದ. ಕೈಯಲ್ಲಿ ಪೆಟ್ಟಿಗೆ!

ಸುಗಂಧಿ ಅಂಗಳಕ್ಕಿಳಿದಳು. ತಂದುಬಿಟ್ಟನೇ? ಹಿಡಿ ಇಲ್ಲದೆ ಒದ್ದಾಡಿ, ಬುದ್ಧಿ ಬಂದು, ಕೊನೆಗೂ ಅವಳಿಗೇ ತಂದುಬಿಟ್ಟನೇ? ಅಣ್ಣನ ಹಳೆಯ ಮಾನಿಟರಿನ ಧೂಳನ್ನು ಅವಳು ಬಂದ ದಿನವೇ ಒರೆಸಿಟ್ಟಿದ್ದಳು.

“ಇಲ್ಲೇ ಹತ್ತಿರದ ಹಾಲಿನಲ್ಲಿ ಮದುವೆ” ಎಂದ ಶೇಖರ ಚಾವಡಿಯಲ್ಲಿ ಕೂರುತ್ತ. “ರೊಸಾರಿಯೊ ನೇರ ಅಲ್ಲಿಗೆ ಹೋದ. ನಿನ್ನ ಮುಖ ನೋಡದೆ ಹೋಗ್ಲಿಕ್ಕೆ ಮನಸ್ಸು ಬರ್ಲಿಲ್ಲ. ನೀರು ಕೊಡು.”

ಆಗ ಅವಳು ಪೆಟ್ಟಿಗೆಯನ್ನು ಸರಿಯಾಗಿ ನೋಡಿದಳು. ಹಿಡಿ ಇದ್ದ ಜಾಗದಲ್ಲಿ ಅತ್ತೆಯ ಹಳೆಯ ಮೈ ಒರೆಸುವ ಕೆಂಪು ಬೈರಾಸನ್ನು ಹುರಿಯಂತೆ ಹೊಸೆದು, ಸುತ್ತ ಬಿಗಿದು, ಮೇಲೆ ಮೆತ್ತನೆಯ ಕುಣಿಕೆ ಮಾಡಿ ಕಟ್ಟಿತ್ತು.

“ಆ ಹಿಡಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು” ಎಂದ ಶೇಖರ. “ಹೋದದ್ದು ಒಳ್ಳೆಯದೇ ಆಯ್ತು. ಅದು ಅಂಗೈ ಕೊಯ್ಯುತ್ತಿತ್ತು. ಅಮ್ಮ ಕಟ್ಟಿದ್ದು ಇದು. ಹೂವಿನ ಹಾಗೆ ಉಂಟು. ರೊಸಾರಿಯೊ ಸಹ ಹೇಳಿದ, ಹೊಲಿಗೆಯ ಟೇಪು ಹಿಡ್ಕೊಂಡು ಊರೆಲ್ಲ ಅಳೆದದ್ದಕ್ಕಿಂತ ಇದೇ ಬುದ್ಧಿವಂತಿಕೆ ಅಂತ.”

ಅವನು ನೀರು ಕುಡಿದು, ಮಗಳಿಗೆ ಮುತ್ತಿಟ್ಟು, ಹೆಂಡತಿಗೆ ‘ಭಾರ ಎತ್ತಬೇಡ’ ಎಂದು ಮೂರು ಸಲ ಹೇಳಿ, ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ತೂಗಿಸುತ್ತ ರಿಕ್ಷಾ ಹತ್ತಿದ.

ಮಧ್ಯಾಹ್ನ ಬಟ್ಟೆ ಮಡಚುವಾಗ ಲಂಗೋಟಿಗಳ ನಡುವಿನಿಂದ ಉಕ್ಕಿನ ಹಿಡಿ ಉರುಳಿ ಬಿತ್ತು. ಅವಳ ತಾಯಿ ಎತ್ತಿ ನೋಡಿದರು.

“ಎಂತದ್ದು ಇದು? ಗಟ್ಟಿ ಉಂಟಲ್ಲ. ನಮ್ಮ ಅಕ್ಕಿ ಪೆಟ್ಟಿಗೆಯ ಮುಚ್ಚಳಕ್ಕೆ ಹಿಡಿ ಇಲ್ಲದೆ ವರ್ಷ ಆಯ್ತು.”

ಆ ದಿನದ ಡೈರಿಯಲ್ಲಿ ಎರಡೇ ಸಾಲು ಇದೆ: ‘ಅಮ್ಮನ ಅಕ್ಕಿ ಪೆಟ್ಟಿಗೆಗೆ ಹಿಡಿ ಹಾಕಿದೆವು. ತೂತುಗಳ ಅಳತೆ ನಾನೇ ಹಾಕಿಕೊಟ್ಟೆ, ಕೂದಲೆಳೆಯಷ್ಟೂ ತಪ್ಪಲಿಲ್ಲ.’