ಪೈಲ್ವಾನನ ಉಪಕಾರ

ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಬಾಟಲಿ. ಹಸಿರು ಮುಚ್ಚಳ, ಮುಚ್ಚಳಕ್ಕೆ ಸೇರಿಕೊಂಡ ಒಂದು ಕಡ್ಡಿ, ಹೊರಗೆ ಹೆಸರು, ವಯಸ್ಸು ಬರೆದ ಚೀಟಿ. ಇಷ್ಟು ಸಣ್ಣ ವಸ್ತು ಐವತ್ತಮೂರು ವರ್ಷದ ಮನುಷ್ಯನೊಬ್ಬನ ನಿದ್ದೆ ಕೆಡಿಸಬಲ್ಲದು ಎಂದರೆ ನಂಬುವುದು ಕಷ್ಟ. ಆದರೆ ಪ್ರೂಫ್ ಮೇಷ್ಟ್ರ ವಿಷಯದಲ್ಲಿ ಆದದ್ದು ಅದೇ.

ಪ್ರೂಫ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಕರಡು ತಿದ್ದುತ್ತಿದ್ದಾರೆ. ಕಂಡವರ ತಪ್ಪಿಗೆಲ್ಲ ಕೆಂಪು ಗೆರೆ ಎಳೆಯುವುದರಿಂದ ಆ ಹೆಸರು ಅಂಟಿಕೊಂಡಿದೆ. "ತಪ್ಪು ಕರಡಲ್ಲೇ ಸಿಗ್ಬೇಕು. ಹತ್ತು ಸಾವಿರ ಪ್ರತಿ ಅಚ್ಚಾದ್ಮೇಲೆ ಸಿಕ್ಕಿದ್ರೆ ತಲೆ ಚಚ್ಕೊಳ್ಳೋದಷ್ಟೇ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಕಳೆದ ತಿಂಗಳು ಆರೋಗ್ಯ ಕೇಂದ್ರದವರು ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಕರಪತ್ರವೊಂದನ್ನು ಅಚ್ಚಿಗೆ ಕೊಟ್ಟಿದ್ದರು. ಮೇಷ್ಟ್ರು ಅದನ್ನು ನಾಲ್ಕು ಸಲ ಓದಿ ತಿದ್ದಿದರು. ಮಲದಲ್ಲಿ ರಕ್ತ, ಮಲವಿಸರ್ಜನೆಯ ಅಭ್ಯಾಸದಲ್ಲಿ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ಎಲ್ಲ ಬಾಯಿಪಾಠವಾಯಿತು. ತೊಂದರೆಯೆಂದರೆ, ಇದರಲ್ಲಿ ಮೊದಲನೆಯದು ಎರಡು ತಿಂಗಳಿಂದ ಸ್ವತಃ ಅವರಿಗೇ ಕಾಣಿಸುತ್ತಿತ್ತು. ಮೂಲವ್ಯಾಧಿ ಇರಬೇಕು ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು, ಹೆಂಡತಿಗೂ ಬಾಯಿಬಿಡದೆ ಸುಮ್ಮನಾಗಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಭಯವಾಗಿತ್ತು. ಗೊತ್ತಾಗದೇ ಇದ್ದರೆ ಇಲ್ಲವೇ ಇಲ್ಲ ಎಂಬ ಲೆಕ್ಕಾಚಾರ.

ಕರಪತ್ರ ಚೆನ್ನಾಗಿ ಬಂದ ಸಂತೋಷಕ್ಕೆ ಆರೋಗ್ಯ ಕೇಂದ್ರದ ನರ್ಸಮ್ಮ ಮುದ್ರಣಾಲಯದಲ್ಲಿ ನಲವತ್ತೈದು ದಾಟಿದ ಒಂಬತ್ತು ಜನಕ್ಕೂ ಒಂದೊಂದು ಬಾಟಲಿ ಹಂಚಿಬಿಟ್ಟರು. ಕಡ್ಡಿಯ ತುದಿಗೆ ಒಂಚೂರು ಮಲ ಹಚ್ಚಿ ಬಾಟಲಿಯೊಳಗೆ ಮುಳುಗಿಸಿ, ಬುಧವಾರ ಹನ್ನೆರಡರೊಳಗೆ ಕೊಡಬೇಕು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಫಲಿತಾಂಶ ಅದೇ ಸಂಜೆ. ಮುದ್ರಣಾಲಯದ ಯಜಮಾನರು ಕಾಗದದ ಬಂಡಲಿನ ಮೇಲೆ ನಿಂತು, "ಇದ್ರಲ್ಲಿ ನಾಚ್ಕೊಳ್ಳೋದು ಏನಿದೆ? ಎಲ್ರಿಗಿಂತ ಮೊದ್ಲು ನಾನೇ ಕೊಡ್ತೀನಿ!" ಎಂದು ಭಾಷಣ ಮಾಡಿದರು. ಬಾಟಲಿ ಸಂಗ್ರಹಿಸುವ ಜವಾಬ್ದಾರಿ ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕನ ಪಾಲಿಗೆ ಬಂತು. ಆಕೆಗೆ ಜವಾಬ್ದಾರಿ ಕೊಡುವುದೂ ಒಂದೇ, ಮೈಕು ಕೊಡುವುದೂ ಒಂದೇ.

ಬುಧವಾರ ಮೇಷ್ಟ್ರು ಖಾಲಿ ಬಾಟಲಿಯನ್ನು ಬಚ್ಚಲುಮನೆಯ ಗೂಡಿನಲ್ಲಿ ಬಿಟ್ಟು, ಶಿಳ್ಳೆ ಹಾಕುತ್ತ ಕೆಲಸಕ್ಕೆ ಬಂದರು. ಕೇಳಿದರೆ ಮರೆತುಹೋಯಿತು ಎಂದರಾಯಿತು. ಮರೆವಿಗೆ ಯಾವ ಕಾನೂನಿನಲ್ಲೂ ಶಿಕ್ಷೆ ಇಲ್ಲ.

ಆದರೆ ಅವರ ಎದುರುಮನೆಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದರು. ಅವರು ನಿವೃತ್ತರಾದದ್ದು ಸಂಬಳದಿಂದ ಮಾತ್ರ. ಹತ್ತೂವರೆಗೆ ಸರಿಯಾಗಿ ಸೈಕಲ್ಲಿನಲ್ಲಿ ಬಂದು, ಅಚ್ಚಿನ ಯಂತ್ರ ನಿಂತು ಎಲ್ಲ ನಿಶ್ಶಬ್ದವಾಗಿದ್ದ ಆ ಒಂದೇ ಕ್ಷಣವನ್ನು ಆರಿಸಿಕೊಂಡು, ಬಾಗಿಲಲ್ಲಿ ಕೂಗಿದರು.

"ಮೇಷ್ಟ್ರೇ! ಬಾಟ್ಲಿ ಮರ್ತು ಬಂದಿದೀರಂತೆ, ನಿಮ್ಮನೆಯೋರು ಕೊಟ್ಟು ಕಳ್ಸಿದ್ರು. ಖಾಲಿನೇ ಇದೆ, ನಾನು ನೋಡ್ದೆ!"

ಬೈಂಡಿಂಗ್ ಅಕ್ಕ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಎಣಿಸಿದಳು. "ಎಂಟು ಬಂದಿದೆ. ಇನ್ನು ನಿಮ್ದೊಂದೇ ಮೇಷ್ಟ್ರೇ! ಒಂದೂವರೆ ಗಂಟೆ ಇದೆ, ಮನಸ್ಸು ಮಾಡಿ!"

ಅಲ್ಲಿಗೆ ಮೇಷ್ಟ್ರ ಹೊಟ್ಟೆ ಸಾರ್ವಜನಿಕ ಆಸ್ತಿಯಾಯಿತು. ಕಾಗದ ಕತ್ತರಿಸುವ ಕಟಿಂಗ್ ಮಾಮ ಬಿಸಿನೀರಿನ ಫ್ಲಾಸ್ಕ್ ತಂದಿಟ್ಟ. ವ್ಯಾನ್ ಡ್ರೈವರ್ ಆರು ಬಾಳೆಹಣ್ಣು ತಿನ್ನಿಸಿ, "ಬನ್ನಿ ಸಾರ್, ವ್ಯಾನಲ್ಲಿ ಕೂತ್ಕೊಳ್ಳಿ. ಗುಂಡಿ ಬಿದ್ದಿರೋ ರಸ್ತೇಲಿ ಎರಡು ಸುತ್ತು ಹಾಕಿದ್ರೆ ತಾನಾಗೇ ದಾರಿ ಆಗುತ್ತೆ" ಎಂದು ಎಳೆದುಕೊಂಡು ಹೋದ. ಎರಡು ಸುತ್ತಿಗೆ ಮೇಷ್ಟ್ರ ಕನ್ನಡಕ ಸಡಿಲವಾಯಿತೇ ಹೊರತು ಬೇರೇನೂ ಆಗಲಿಲ್ಲ. ಅಚ್ಚಿನ ಪ್ಲೇಟ್ ತಯಾರಿಸುವವನು ಜೊತೆಯಲ್ಲೇ ಅಂಗಳದಲ್ಲಿ ಮೂವತ್ತು ಸಲ ಓಡಾಡಿಸಿದ. ಕಡೆಗೆ ಯಜಮಾನರೇ ಬಂದು ಬೆನ್ನು ತಟ್ಟಿ, "ಧೈರ್ಯ ಬೇಕು ಮೇಷ್ಟ್ರೇ, ನನ್ನನ್ನ ನೋಡಿ ಕಲೀರಿ" ಎಂದರು.

ಮೇಷ್ಟ್ರು ಕಕ್ಕಸಿನೊಳಗೆ ಹೋಗಿ ಅಗುಳಿ ಹಾಕಿಕೊಂಡರು. ಹೊರಗೆ ನಾಲ್ಕು ಜನ ಸರದಿಯಲ್ಲಿ ನಿಂತು, ಎರಡು ನಿಮಿಷಕ್ಕೊಮ್ಮೆ "ಆಯ್ತಾ?" ಎನ್ನುತ್ತಿದ್ದರು. ಆಗದೇ ಇರುವುದು ಸಮಸ್ಯೆಯಾಗಿರಲಿಲ್ಲ. ಆ ಬಾಟಲಿಯ ಮೇಲೆ ತಮ್ಮ ಹೆಸರನ್ನು ನೋಡುತ್ತ ಕುಳಿತರು. ಇದನ್ನು ಕೊಟ್ಟರೆ ಸಂಜೆಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಮತ್ತೆ ಗೊತ್ತಿಲ್ಲದವರಾಗಲು ಬರುವುದಿಲ್ಲ. ಖಾಲಿ ಬಾಟಲಿಯನ್ನು ಜೇಬಿಗಿಳಿಸಿ ಹೊರಗೆ ಬಂದರು. ಅಷ್ಟರಲ್ಲಿ ಅವರಿಗೆ ಪೈಲ್ವಾನ್ ಕಾಣಿಸಿದ.

ಪೈಲ್ವಾನ್ ಅಂದರೆ ಅಚ್ಚಿನ ಯಂತ್ರ ಓಡಿಸುವವನು. ವಯಸ್ಸು ಐವತ್ತೊಂದು. ಹೆಗಲಿಗೊಂದರಂತೆ ಕಾಗದದ ಬಂಡಲು ಹೊತ್ತು ಮಹಡಿ ಹತ್ತುತ್ತಾನೆ. ತಲೆನೋವು ಎಂದರೆ ಹೇಗಿರುತ್ತದೆ ಎಂದು ಬೇರೆಯವರನ್ನು ಕೇಳಿ ತಿಳಿದುಕೊಂಡವನು. ಆರೋಗ್ಯಕ್ಕೆ ಮೊಹರು ಬೇಕಾದರೆ ಇವನ ಹೊಟ್ಟೆಗಿಂತ ಒಳ್ಳೆಯ ಜಾಗ ಎಲ್ಲಿದೆ! ಮೇಷ್ಟ್ರು ಅವನನ್ನು ಶಾಯಿ ಡಬ್ಬಗಳ ಹಿಂದೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ವಿಷಯ ಹೇಳಿದರು.

"ಇನ್ನೂ ಒಂದಾ?" ಎಂದ ಪೈಲ್ವಾನ್, ತಕ್ಷಣ ಕೆಮ್ಮಿ, "ಅಂದ್ರೆ, ನಂದು ಕೊಟ್ಟಾಯ್ತಲ್ಲ, ಇನ್ನೂ ಒಂದಾ ಅಂದೆ. ಆಗ್ಲಿ ಬಿಡಿ, ನಿಮಗಲ್ಲದೆ ಇನ್ಯಾರಿಗೆ ಮಾಡ್ಲಿ? ಆದ್ರೆ ಯಾರಿಗೂ ಹೇಳ್ಬಾರ್ದು. ಆಣೆ?"

"ಆಣೆ."

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಒಂಬತ್ತನೆಯ ಬಾಟಲಿ ಡಬ್ಬಿಗೆ ಬಿತ್ತು. ಬೈಂಡಿಂಗ್ ಅಕ್ಕ ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಮಧ್ಯಾಹ್ನದ ಊಟಕ್ಕೆ ಎರಡು ಸಲ ಅನ್ನ ಬಡಿಸಿಕೊಂಡರು.

ನಾಲ್ಕು ಗಂಟೆಗೆ ನರ್ಸಮ್ಮ ಬಂದು ಯಜಮಾನರ ಕೋಣೆಯಲ್ಲಿ ಕುಳಿತು, ಒಬ್ಬೊಬ್ಬರನ್ನೇ ಕರೆದರು. ಮೊದಲು ಬೈಂಡಿಂಗಿನ ಮೂವರು ಹೆಂಗಸರು ಹೋಗಿ ನಗುತ್ತ ಹೊರಬಂದರು. ಕಟಿಂಗ್ ಮಾಮ ಹೋದವನು ಬಂದು ಕಾಗದದ ಬಂಡಲಿನ ಮೇಲೆ ಕುಸಿದ. ವ್ಯಾನ್ ಡ್ರೈವರ್ ಬಂದು ಅವನ ಪಕ್ಕದಲ್ಲೇ ಕುಳಿತ. ಪ್ಲೇಟಿನವನು ಮೂರನೆಯವನಾದ. ಯಜಮಾನರು ಹೋಗಿ ಬಂದವರು ಗೋಡೆಯ ಕಡೆ ತಿರುಗಿ, ಹೋದ ವರ್ಷದ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು. ಪಾಪ, ಎಲ್ಲರಿಗೂ ಏನೋ ಸಿಕ್ಕಿರಬೇಕು ಎಂದು ಮರುಗುತ್ತ ಮೇಷ್ಟ್ರು ಎದೆ ಸೆಟೆಸಿಕೊಂಡು ಒಳಗೆ ಹೋದರು.

"ಕೂತ್ಕೊಳ್ಳಿ ಮೇಷ್ಟ್ರೇ. ಗಾಬರಿ ಆಗ್ಬೇಡಿ. ನಿಮ್ಮ ಬಾಟ್ಲೀಲಿ ರಕ್ತದ ಅಂಶ ಸಿಕ್ಕಿದೆ."

"ಸಾಧ್ಯನೇ ಇಲ್ಲ! ಅದು ನಂದಲ್ಲ!" ಎಂದುಬಿಟ್ಟರು ಮೇಷ್ಟ್ರು. ಆಣೆ ಗಾಳಿಗೆ ಹೋಯಿತು.

ನರ್ಸಮ್ಮ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಈ ಕುರ್ಚೀಲಿ ಕೂತು ಆ ಮಾತು ಹೇಳಿದೋರಲ್ಲಿ ನೀವು ಐದನೆಯೋರು."

ಮೇಷ್ಟ್ರು ಬೆರಳು ಮಡಿಸಿದರು. ಬಿಸಿನೀರು ಕೊಟ್ಟವನು, ಬಾಳೆಹಣ್ಣು ತಿನ್ನಿಸಿದವನು, ಓಡಾಡಿಸಿದವನು, ಮೂರು. "ಹಾಗಾದ್ರೆ ನಾಲ್ಕನೆಯೋರು..." ಎಂದು ಬಾಗಿಲ ಸಂದಿಯಿಂದ ನೋಡಿದರೆ, ಯಜಮಾನರು ಇನ್ನೂ ಕ್ಯಾಲೆಂಡರಿನ ಫೆಬ್ರವರಿಯಲ್ಲೇ ಇದ್ದರು.

"ಐದು ಬಾಟ್ಲಿ, ಒಬ್ಬನೇ ಮನುಷ್ಯ," ಎಂದರು ನರ್ಸಮ್ಮ. "ಆರನೇದು ಅವನದೇ. ಆರರಲ್ಲೂ ರಕ್ತ. ಕರೀರಿ ಅವನನ್ನ."

ಪೈಲ್ವಾನ್ ತೋಳು ಮಡಚಿಕೊಳ್ಳುತ್ತ ಬಂದ. ವಿಷಯ ಕೇಳಿದ ಮೇಲೆ ಕುಳಿತ ಕುರ್ಚಿ ಕಿರ್ರೆಂದಿತು. "ನಂಗಾ? ಒಂದು ದಿನ ನೆಗಡಿ ಆಗಿಲ್ಲಮ್ಮ ನಂಗೆ!"

"ಅದಕ್ಕೇ ಅಲ್ವೇನಪ್ಪ ಪರೀಕ್ಷೆ ಇರೋದು? ಏನೂ ಅನ್ನಿಸ್ದೇ ಇದ್ದಾಗ್ಲೇ ಮಾಡಿಸ್ಕೋಬೇಕು. ರಕ್ತ ಅಂದ ತಕ್ಷಣ ಕ್ಯಾನ್ಸರ್ ಅಲ್ಲ. ಒಳಗೆ ಸಣ್ಣ ಗಂಟು ಇರ್ಬಹುದು, ಕ್ಯಾಮೆರಾ ಹಾಕಿ ನೋಡ್ವಾಗ್ಲೇ ಸಾಮಾನ್ಯವಾಗಿ ತೆಗೆದ್ಬಿಡ್ತಾರೆ. ಬಿಟ್ರೆ ಅದೇ ಮುಂದೆ ಕೆಡಬಹುದು."

ಎರಡು ಬಂಡಲು ಹೊರುವ ಆ ಮನುಷ್ಯ ಮೇಷ್ಟ್ರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಮೇಷ್ಟ್ರೇ, ಆ ಕಾಗದ ನಾನು ಬರೀ ಅಚ್ಚು ಹಾಕ್ದೆ, ನೀವು ಓದಿದೀರಿ. ಏನಂತ ಬರ್ದಿತ್ತು ಅದ್ರಲ್ಲಿ? ಹೇಳಿ."

ಮೇಷ್ಟ್ರು ಒಪ್ಪಿಸಿದರು. "ಬೇಗ ಪತ್ತೆಯಾದರೆ ಹೆಚ್ಚಿನವರು ಗುಣವಾಗುತ್ತಾರೆ. ಮಲದಲ್ಲಿ ರಕ್ತ ಕಂಡವರು ತಡಮಾಡದೆ..." ನಾಲ್ಕು ಸಲ ತಿದ್ದಿದ ವಾಕ್ಯ. ಅದು ತಮಗಾಗಿಯೇ ಬರೆದದ್ದೆಂದು ಈಗ ಮೊದಲ ಸಲ ಓದಿದಂತಾಯಿತು.

"ನರ್ಸಮ್ಮ," ಎಂದರು ಮೆಲ್ಲಗೆ, "ನಂಗೆ ಎರಡು ತಿಂಗಳಿಂದ ಕಾಣಿಸ್ತಾ ಇದೆ. ಭಯ ಆಗಿ ಯಾರಿಗೂ ಹೇಳ್ಲಿಲ್ಲ."

ನರ್ಸಮ್ಮ ಬೈಯುತ್ತಾರೆಂದುಕೊಂಡಿದ್ದರು. ಅವರು ಬೈಯಲಿಲ್ಲ. "ಈಗ ಹೇಳಿದ್ರಲ್ಲ, ಅದೇ ದೊಡ್ಡದು" ಎಂದು ಪುಸ್ತಕ ತೆರೆದರು. "ಹೊರಗಿರೋ ನಾಲ್ವರಿಗೆ ಹೊಸ ಬಾಟ್ಲಿ. ಈ ಸಲ ಸ್ವಂತದ್ದು. ನಿಮ್ಮಿಬ್ರಿಗೆ ಬಾಟ್ಲಿ ಸಾಕಾಗಲ್ಲ, ನೇರ ಕ್ಯಾಮೆರಾ. ಶನಿವಾರ ಬೆಳಿಗ್ಗೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಹಿಂದಿನ ದಿನ ಊಟ ಇಲ್ಲ. ಈ ಪುಡೀನ ಈ ಬಾಟ್ಲಿ ತುಂಬ ನೀರಲ್ಲಿ ಕಲಸಿ ಪೂರ್ತಿ ಕುಡೀಬೇಕು, ಹೊಟ್ಟೆ ಖಾಲಿ ಆಗೋಕೆ. ಮನೆ ಬಿಟ್ಟು ಎಲ್ಲೂ ಹೋಗೋಹಾಗಿಲ್ಲ."

ಹೀಗೆ, ಹೆಬ್ಬೆರಳಿನಷ್ಟು ಬಾಟಲಿಯಿಂದ ತಪ್ಪಿಸಿಕೊಳ್ಳಲು ಹೊರಟ ಮೇಷ್ಟ್ರ ಕೈಗೆ ಎರಡು ಲೀಟರಿನ ಖಾಲಿ ಬಾಟಲಿ ಬಂತು. ಅದರ ಮೇಲೂ ಅವರ ಹೆಸರು, ವಯಸ್ಸು ಬರೆದ ಚೀಟಿ ಅಂಟಿಸಿತ್ತು.

ಹೊರಗೆ ಬಂದ ಮೇಲೆ ಪೈಲ್ವಾನ್ ಮೆಲ್ಲಗೆ ತೋಳು ಜಗ್ಗಿದ. "ಮೇಷ್ಟ್ರೇ, ಬೆಳಿಗ್ಗೆ ನಾನು ನಿಮಗೊಂದು ಉಪಕಾರ ಮಾಡ್ಲಿಲ್ವಾ? ಶನಿವಾರ ಹೇಗೂ ನೀವು ಹೋಗ್ತೀರಿ. ಅಲ್ಲೇ ನನ್ನ ಹೆಸರಲ್ಲೂ ಒಂದ್ಸಲ..."

"ಬದಲಿಗೆ ಬರಲ್ಲ ಕಣೋ. ಜೊತೆಗೆ ಬರ್ತೀನಿ," ಎಂದರು ಮೇಷ್ಟ್ರು. ಎರಡು ತಿಂಗಳ ಭಾರ ಇಳಿದು ಹೆಜ್ಜೆ ಹಗುರಾಗಿತ್ತು. ಹೆಂಡತಿಗೆ ಇವತ್ತೇ ಎಲ್ಲ ಹೇಳಬೇಕು, ನಿಧಾನವಾಗಿ, ಮನೆಯ ಬಾಗಿಲು ಹಾಕಿಕೊಂಡು, ಬೀದಿಯವರ ಕಿವಿಗೆ ಬೀಳದ ಹಾಗೆ.

ಗೇಟಿನಲ್ಲಿ ಸೈಕಲ್ ಗಂಟೆ ಕೇಳಿಸಿತು. ಫಲಿತಾಂಶವನ್ನು ಮನೆಗೆ ಮುಟ್ಟಿಸುವ ಕರ್ತವ್ಯಕ್ಕೆ ನಿವೃತ್ತ ಪೋಸ್ಟ್‌ಮ್ಯಾನ್ ಕಾದು ನಿಂತಿದ್ದರು. ಮೇಷ್ಟ್ರ ಕೈಯಲ್ಲಿದ್ದುದನ್ನು ಕಂಡು ಅವರ ಕಣ್ಣು ಅಗಲವಾಯಿತು. ಎರಡು ಬೀದಿಗೆ ಕೇಳುವಂತೆ ಕೂಗಿದರು.

"ಅಯ್ಯೋ ಮೇಷ್ಟ್ರೇ! ಅಷ್ಟು ಸಣ್ಣದು ತುಂಬೋಕೇ ಮಧ್ಯಾಹ್ನ ಆಯ್ತು, ಇಷ್ಟು ದೊಡ್ಡದು ತುಂಬೋದು ಯಾವ ಕಾಲಕ್ಕೆ? ಇರ್ಲಿ, ಹೆದರ್ಬೇಡಿ, ನಮ್ಮ ಬೀದಿಯೋರೆಲ್ಲ ಇದೀವಿ!"