‘ಉಂಟು’ ಅಂಗಿಗೆ ಕಂಪನಿ ಹುಡುಕಿದ್ದು

ಬೇರೆಯವರ ಮನೆಗೆ ನೆಂಟರು ಬರುವ ಹಾಗೆ ನನ್ನ ಹತ್ತಿರ ಫಜೀತಿಗಳು ಬರುತ್ತವೆ. ಹೇಳದೆ ಬರುತ್ತವೆ, ಚಾ ಕುಡಿದೇ ಹೋಗುತ್ತವೆ. ಹೋದ ವರ್ಷ ಟೀ ಶರ್ಟ್ ವ್ಯಾಪಾರಕ್ಕೆ ಇಳಿದ ಮೇಲಂತೂ ಅವು ಗಂಟುಮೂಟೆ ಸಮೇತ ಬಂದು ಕೂತವು.

ನಾನು ಪುತ್ತೂರಿನಲ್ಲಿ ಬಹಳ ವರ್ಷ ಬ್ಲೌಸ್ ಹೊಲಿದವಳು. ರೆಡಿಮೇಡ್ ಬ್ಲೌಸಿನ ಕಾಲ ಬಂದು ಗಿರಾಕಿಗಳು ಕಡಿಮೆಯಾದಾಗ ಅಂಗಡಿ ಮುಚ್ಚಿ, ಮೆಷಿನನ್ನು ಕುಂಬ್ರದ ಮನೆಗೆ ತಂದಿಟ್ಟುಕೊಂಡೆ. ನನ್ನ ಗೆಳತಿ ಕಡಬದವಳು. ಅವಳ ಅಜ್ಜ ಕೇರಳದಿಂದ ಬಂದು ಅಲ್ಲಿ ರಬ್ಬರ್ ತೋಟ ಹಾಕಿದವರು. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ಕೆಲಸ ಬಿಟ್ಟವಳು. ಅವಳಿಗೆ ಚಿತ್ರ ಗೊತ್ತುಂಟು, ನನಗೆ ಬಟ್ಟೆ ಗೊತ್ತುಂಟು. ನಮ್ಮ ಊರಿನ ಮಾತುಗಳನ್ನು ಟೀ ಶರ್ಟಿನ ಮೇಲೆ ಹಾಕಿ ಮಾರುವ ಅಂತ ಇಬ್ಬರಿಗೂ ಆಸೆ ಹುಟ್ಟಿತು. ರಾಶಿ ಅಂಗಿ ತರಿಸಿ ತುಂಬಿಸಿಡಲು ಜಾಗ ಇಲ್ಲ, ಧೈರ್ಯವೂ ಇಲ್ಲ. ಹಾಗಾಗಿ ಪ್ರಿಂಟ್ ಆನ್ ಡಿಮಾಂಡ್. ಅಂದರೆ, ಗಿರಾಕಿ ಆರ್ಡರ್ ಕೊಟ್ಟ ಮೇಲೆ ಎಲ್ಲೋ ಇರುವ ಕಂಪನಿ ನಮ್ಮ ಚಿತ್ರವನ್ನು ಅಂಗಿಗೆ ಹೊಡೆದು, ನಮ್ಮ ಹೆಸರಿನಲ್ಲೇ ಗಿರಾಕಿಯ ಮನೆಗೆ ಕಳಿಸುತ್ತದೆ. ಅಂಥ ಕಂಪನಿಗಳು ಬೇಕಾದಷ್ಟು ಉಂಟು. ಯಾವುದನ್ನು ಹಿಡಿಯುದು ಎಂಬುದೇ ಪ್ರಶ್ನೆ.

ಅತ್ತೆಗೆ ಅರ್ಥ ಮಾಡಿಸಿದ್ದು

ಮೊದಲು ಮನೆಯಲ್ಲಿ ಹೇಳಬೇಕಲ್ಲ. ಅತ್ತೆ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ನಾವಿಬ್ಬರೂ ಎದುರು ಕೂತೆವು.

“ಅಂಗಿ ನೀವು ಹೊಲಿಯುದಾ?” ಎಂದು ಕೇಳಿದರು.

“ಇಲ್ಲ, ಕಂಪನಿಯವರು ಹೊಲಿಸ್ತಾರೆ.”

“ಪ್ರಿಂಟ್ ನೀವು ಹಾಕುದಾ?”

“ಅದೂ ಅವರೇ.”

“ಕಟ್ಟಿ ಕಳಿಸುದು?”

“ಅದೂ ಅವರೇ ಅತ್ತೆ.”

ಅತ್ತೆ ಚೂರಿ ಕೆಳಗಿಟ್ಟು ನಮ್ಮಿಬ್ಬರ ಮುಖವನ್ನೂ ನೋಡಿದರು. “ಹಾಗಾದರೆ ಈ ವ್ಯಾಪಾರದಲ್ಲಿ ನೀವು ಎಂತಕ್ಕೆ?”

ನಾವಿಬ್ಬರೂ ಬೀಜ ಸುಲಿಯಲು ಸೇರಿಕೊಂಡೆವು.

ಹೆಸರು

ನಮ್ಮ ಬ್ರಾಂಡಿಗೆ ‘ಉಂಟು’ ಅಂತ ಹೆಸರಿಟ್ಟದ್ದು ಗೆಳತಿ. ನಮ್ಮ ಕಡೆಯವರ ಬಾಯಲ್ಲಿ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಬರುವ ಶಬ್ದ, ಮೇಲಾಗಿ ‘ಇಲ್ಲ’ ಎನ್ನುದಕ್ಕಿಂತ ಶುಭ. ಮೊದಲನೇ ಕಂಪನಿಗೆ ಫೋನ್ ಮಾಡಿದಾಗ ಬಯಲುಸೀಮೆಯ ಕಡೆಯ ಹುಡುಗನೊಬ್ಬ ಬಹಳ ವಿನಯದಿಂದ ಮಾತಾಡಿದ.

“ಬ್ರಾಂಡಿಗೆ ಹೆಸರು ಇದೆಯಾ ಮೇಡಂ?”

“ಉಂಟು.”

“ಒಳ್ಳೇದು ಮೇಡಂ. ಏನು ಹೆಸರು?”

“ಉಂಟು.”

“ಇದೆ ಅಂತ ಗೊತ್ತಾಯ್ತು ಮೇಡಂ. ಏನು ಅಂತ ಹೇಳಿ, ಬರ್ಕೋತೀನಿ.”

“ಅದೇ ಮಾರಾಯ್ರೆ, ಉಂಟು!”

ಗೆಳತಿ ನನಗೆ ಮಾತಾಡಲು ಬರುದಿಲ್ಲ ಅಂತ ಫೋನ್ ಕಿತ್ತುಕೊಂಡು, ಮಕ್ಕಳಿಗೆ ಪಾಠ ಹೇಳುವ ಸ್ವರದಲ್ಲಿ ಶುರು ಮಾಡಿದಳು. “ನೋಡಿ, ನಮಗೆ ಒಂದು ಹೆಸರು ಉಂಟು. ಆ ಹೆಸರು ಎಂತ ಅಂದ್ರೆ, ಉಂಟು. ಉಂಟು ಅಂತ ಹೆಸರು ಉಂಟು. ಅರ್ಥ ಆಯ್ತಲ್ಲ?”

“ಆಯ್ತು ಮೇಡಂ,” ಎಂದ ಪಾಪ. “ಪರವಾಗಿಲ್ಲ, ನಿಧಾನವಾಗಿ ಯೋಚನೆ ಮಾಡಿ, ಹೆಸರು ಇಟ್ಟಾದ ಮೇಲೆ ಫೋನ್ ಮಾಡಿ.”

ನನ್ನ ಊರು

ಎರಡನೇ ಕಂಪನಿಯವರು ತಮ್ಮಲ್ಲಿ ಕನ್ನಡ ಬಲ್ಲ ಪರಿಣತರಿದ್ದಾರೆ, ಕಾಗುಣಿತ ನೋಡಿ ತಿದ್ದಿಯೇ ಪ್ರಿಂಟ್ ಮಾಡುವುದು ಎಂದು ಹೇಳಿಕೊಂಡರು. ನಮಗೆ ಬಹಳ ಸಮಾಧಾನವಾಯಿತು. ಒತ್ತಕ್ಷರ ಉದುರಿಹೋದ ಅಂಗಿಗಳನ್ನು ಪೇಟೆಯಲ್ಲಿ ನೋಡಿದ್ದೆವಲ್ಲ. ಗೆಳತಿ ಚಂದದ ಅಕ್ಷರದಲ್ಲಿ ‘ನನ್ನ ಊರು ಸುಳ್ಯ’ ಎಂದು ಬರೆದು, ಕೆಳಗೆ ಒಂದು ಹೊಳೆ, ತೂಗುಸೇತುವೆ ಬಿಡಿಸಿ ಕಳಿಸಿದಳು.

ಸ್ಯಾಂಪಲ್ ಬಂತು. ಬಟ್ಟೆ ದಪ್ಪ, ಹೊಲಿಗೆ ಗಟ್ಟಿ, ಹೊಳೆಯ ನೀಲಿ ಬಣ್ಣ ಕಣ್ಣಿಗೆ ತಂಪು. ನಾನು ಹೊಲಿಗೆ ತಿರುಗಿಸಿ ನೋಡುತ್ತಾ ಇದ್ದೆ. ಗೆಳತಿ “ಎಂಡೆ ಮಾತಾವೇ!” ಎಂದು ಮಲಯಾಳದಲ್ಲಿ ಮೇರಿ ಮಾತೆಯನ್ನು ಕರೆದು ಎದೆ ಮುಟ್ಟಿಕೊಂಡಳು. ಅಂಗಿಯ ಮೇಲೆ ದಪ್ಪಕ್ಕೆ, ‘ನನ್ನ ಊರು ಸುಳ್ಳು’.

ಫೋನ್ ಮಾಡಿ ಕೇಳಿದರೆ ಅವರಿಗೆ ಹೆಮ್ಮೆ. “ಹೌದು ಮೇಡಂ, ನೀವು ಅವಸರದಲ್ಲಿ ತಪ್ಪು ಬರೆದಿದ್ದಿರಿ. ನಾವೇ ಸರಿ ಮಾಡಿದೆವು. ಅದಕ್ಕೆ ಬೇರೆ ಚಾರ್ಜ್ ಇಲ್ಲ.”

ಸುಳ್ಯ ಎಂಬ ಒಂದು ಊರು ಉಂಟು, ಅದು ತಾಲೂಕು, ಅಲ್ಲಿ ಬಸ್‌ಸ್ಟ್ಯಾಂಡ್ ಉಂಟು ಎಂದೆಲ್ಲ ಹೇಳಿ ಗೆಳತಿಯ ಗಂಟಲು ಒಣಗಿತು. ಆ ಅಂಗಿಯನ್ನು ನೆಲ ಒರೆಸಲು ಇಡುವ ಅಂತ ನಾನು ತೆಗೆದಿಟ್ಟಿದ್ದೆ. ಅಷ್ಟರಲ್ಲಿ ನನ್ನ ಗಂಡನ ಸ್ನೇಹಿತ, ಮರ್ಕಂಜದ ಲಾರಿ ಡ್ರೈವರ್ ಒಬ್ಬರು ಮನೆಗೆ ಬಂದವರು ಅದನ್ನು ನೋಡಿ ಬಿಡಿಸಿ ಹಿಡಿದರು. ಎರಡು ಸಲ ಓದಿದರು. “ಇದು ನನಗೆ ಬೇಕು,” ಎಂದರು.

“ಅದು ತಪ್ಪಾಗಿ ಬಂದದ್ದು ಮಾರಾಯ್ರೆ.”

“ತಪ್ಪು ಎಂತ ಇಲ್ಲ. ಲಾರಿಯಲ್ಲಿ ಹೋದಲ್ಲೆಲ್ಲ ‘ಯಾವೂರು’ ಅಂತ ಕೇಳ್ತಾರೆ. ಮರ್ಕಂಜ ಅಂದ್ರೆ ಒಬ್ಬನಿಗೂ ಗೊತ್ತಿಲ್ಲ. ಅದಕ್ಕೆ ಸುಳ್ಯ ಅಂತ ಹೇಳುದು. ಇಷ್ಟು ವರ್ಷದಲ್ಲಿ ನನ್ನ ವಿಷಯ ಸರಿಯಾಗಿ ಬರೆದದ್ದು ಈ ಅಂಗಿ ಮಾತ್ರ!”

ಒಗೆತ

ಮೂರನೇ ಕಂಪನಿಯ ಜಾಹೀರಾತಿನಲ್ಲಿ, ಎಷ್ಟು ಸಲ ಒಗೆದರೂ ಪ್ರಿಂಟ್ ಅಲ್ಲಾಡುದಿಲ್ಲ ಅಂತ ಇತ್ತು. ‘ಊಟ ಆಯ್ತಾ?’ ಎಂದು ಬರೆಸಿ ಒಂದು ಅಂಗಿ ತರಿಸಿದೆವು. ನಮ್ಮಲ್ಲಿ ಒಗೆಯುವ ಪರೀಕ್ಷೆ ಅಂದರೆ ಅತ್ತೆ. ಹಿತ್ತಿಲಿನ ಕಲ್ಲು, ಬಾರ್ ಸೋಪು, ಅತ್ತೆಯ ತೋಳು, ಈ ಮೂರು ಸೇರಿದರೆ ಬಟ್ಟೆ ತನ್ನ ಜಾತಕ ತಾನೇ ಹೇಳುತ್ತದೆ.

ಒಂದೇ ಒಗೆತಕ್ಕೆ ಅತ್ತೆ ಅಂಗಿಯನ್ನು ಹಿಂಡಿ ನಮ್ಮೆದುರು ಹಿಡಿದರು. “ಊಟ ಉಂಟು. ಆಯ್ತಾ ಹೋಯ್ತು.”

ನಿಜವಾಗಿ ‘ಆಯ್ತಾ’ ಪೂರಾ ಕಿತ್ತು ಕಲ್ಲಿಗೆ ಅಂಟಿಕೊಂಡಿತ್ತು. ನಾನು ಕಂಪನಿಗೆ ಫೋನ್ ಮಾಡಿ ದೂರು ಹೇಳಿದೆ. ಆಚೆಯವರು ಗಂಭೀರವಾಗಿ ವಿಚಾರಿಸಿದರು.

“ಯಾವ ಮೆಷಿನ್ ಮೇಡಂ? ಫ್ರಂಟ್ ಲೋಡಾ, ಟಾಪ್ ಲೋಡಾ?”

“ಮೆಷಿನ್ ಅಲ್ಲ, ಅತ್ತೆ.”

ಅವರು ನಮ್ಮನ್ನು ಹೋಲ್ಡಿನಲ್ಲಿಟ್ಟು ಮೇಲಿನವರ ಹತ್ತಿರ ಕೇಳಿ ಬಂದರು. “ಸಾರಿ ಮೇಡಂ. ಅತ್ತೆ ನಮ್ಮ ವಾರಂಟಿಯಲ್ಲಿ ಬರುವುದಿಲ್ಲ.”

ಮೀನಿನ ಹಾರ್ನ್

ನಾಲ್ಕನೇ ಕಂಪನಿಯ ಬಿಳಿ ಅಂಗಿ ಅತ್ತೆಯ ಕಲ್ಲಿನಿಂದ ನಗುನಗುತ್ತಾ ಎದ್ದು ಬಂತು. ಅಷ್ಟರಲ್ಲೇ ನಮಗೆ ದೊಡ್ಡ ಆರ್ಡರ್ ಸಿಕ್ಕಿತು. ಗೆಳತಿಯ ಅಮ್ಮಚ್ಚಿಗೆ, ಅಂದರೆ ಅಜ್ಜಿಗೆ, ನೆಲ್ಯಾಡಿಯಲ್ಲಿ ಹುಟ್ಟುಹಬ್ಬ. ಮಕ್ಕಳು, ಮೊಮ್ಮಕ್ಕಳು, ಅಳಿಯಂದಿರು ಎಲ್ಲರಿಗೂ ಅಮ್ಮಚ್ಚಿಯ ಚಿತ್ರದ ಅಂಗಿ ಬೇಕು. ಕಪ್ಪು ಬಣ್ಣವೇ ಬೇಕು, ಫೋಟೋದಲ್ಲಿ ತೆಳ್ಳಗೆ ಕಾಣ್ತಾರಂತೆ. ಗೆಳತಿಗೆ ಹೆದರಿಕೆ. “ಬೇರೆಯವರಾದ್ರೆ ಬೈದು ಸುಮ್ಮನಾಗ್ತಾರೆ. ನನ್ನ ಮನೆಯವರು ಪ್ರತಿ ಕ್ರಿಸ್ಮಸ್ಸಿಗೂ ಬೈತಾರೆ,” ಎಂದಳು.

ಆರ್ಡರ್ ಹಾಕುವ ಮೊದಲು ಒಮ್ಮೆ ಕೇಳುವ ಅಂತ ನಾನು ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ಪಟಪಟನೆ ಇಂಗ್ಲಿಷಿನಲ್ಲಿ, ಕಪ್ಪು ಅಂಗಿ ಅಂದರೆ ನಮ್ಮ ಅತ್ಯುತ್ತಮ ಉತ್ಪನ್ನ ಎಂದಳು. ನಾನು ನನ್ನ ಹರಕು ಇಂಗ್ಲಿಷಿಗೆ ತೇಪೆ ಹಾಕಿ ಹಾಕಿ ಪ್ರಶ್ನೆ ಕೇಳುತ್ತಿದ್ದೆ. ಆಗ ಫೋನಿನೊಳಗೆ ಮೀನಿನವರ ಬೈಕಿನ ಹಾರ್ನ್ ಕೇಳಿಸಿತು. ಪೋಂಯ್, ಪೋಂಯ್. ಸ್ವಲ್ಪ ಹೊತ್ತಿನಲ್ಲಿ ಅದೇ ಹಾರ್ನ್ ನನ್ನ ಕಿಟಕಿಯ ಹೊರಗೆ ಕೇಳಿಸಿತು. ಪೋಂಯ್, ಪೋಂಯ್.

ಇಬ್ಬರ ಇಂಗ್ಲಿಷೂ ನಿಂತಿತು.

“ಮೇಡಂ… ನೀವು ಎಲ್ಲಿ ಇರುದು?” ಎಂದು ಅವಳು ಮೆಲ್ಲಗೆ ಕೇಳಿದಳು.

“ಕುಂಬ್ರ. ನೀನು?”

“ನಾನೂ ಕುಂಬ್ರ ಅಕ್ಕ! ಮನೆಯಿಂದಲೇ ಕೆಲಸ. ನೀವು ಬ್ಲೌಸಿನ ಅಕ್ಕ ಅಲ್ವಾ? ಬಂಗುಡೆ ಮೀನು ಉಂಟಾ ನೋಡಿ ಅಕ್ಕ, ಕಾಲ್ ಬಿಟ್ಟು ಹೋಗಿ ತಕೊಳ್ಳಿಕ್ಕೆ ನನಗೆ ಆಗ್ಲಿಲ್ಲ.”

ಬಂಗುಡೆಯ ವಿಷಯ ಮುಗಿದ ಮೇಲೆ ನಾನು ಕೇಳಿದೆ. “ಈಗ ಸರಿ ಹೇಳು. ಕಪ್ಪು ಅಂಗಿ ಹೇಗೆ?”

ಅವಳು ಬಾಯಿ ತೆರೆದವಳು ಅಲ್ಲಿಗೇ ತಡೆದಳು. “ಅಯ್ಯೋ, ಕಾಲ್ ರೆಕಾರ್ಡ್ ಆಗ್ತಾ ಉಂಟಲ್ಲ! ನಿಲ್ಲಿ, ತುಳುವಿನಲ್ಲಿ ಹೇಳ್ತೇನೆ. ನಮ್ಮ ಮ್ಯಾನೇಜರ್ ಮುಂಬೈಯವರು, ಅವರಿಗೆ ಎಂತದೂ ಗೊತ್ತಾಗುದಿಲ್ಲ.” ಆಮೇಲೆ ಧೈರ್ಯವಾಗಿ, “ಕಪ್ಪು ಬೊಡ್ಚಿ ಅಕ್ಕ, ಒಂಜಿಲಾ ಬೊಡ್ಚಿ!” ಎಂದಳು. ಕಪ್ಪು ಬೇಡ, ಒಂದೂ ಬೇಡ, ಬೆವರಿದರೆ ಬಣ್ಣ ಬಿಡ್ತದೆ, ಹಾಕಿಕೊಂಡವರು ಎರಡು ದಿನ ಕಾಗೆಯ ಹಾಗೆ ಕಾಣ್ತಾರೆ ಎಂದು ತುಳುವಿನಲ್ಲಿ ಎಲ್ಲ ಬಿಡಿಸಿ ಹೇಳಿದಳು. ಬಿಳಿ ಮಾತ್ರ ಚಿನ್ನದಂಥದ್ದಂತೆ.

ಗೆಳತಿ ಕೂಡಲೇ ಒಪ್ಪಿದಳು. ಸತ್ಯ ಹೇಳುವವರು ಒಳಗೆ ಇರುವ ಕಂಪನಿ ಬೇರೆ ಎಲ್ಲಿ ಸಿಗುದು? ಹುಟ್ಟುಹಬ್ಬಕ್ಕೆ ಇಡೀ ಕುಟುಂಬ ಬಿಳಿ ಅಂಗಿ ಹಾಕಿ ಸಾಲಾಗಿ ನಿಂತಿತು. ಅಳಿಯಂದಿರು ದಪ್ಪಗೇ ಕಂಡರು, ಆದರೆ ಸಂತೋಷವಾಗಿದ್ದರು. ಅಮ್ಮಚ್ಚಿ ಎಲ್ಲರ ಎದೆಯ ಮೇಲೂ ತನ್ನನ್ನು ನೋಡಿ, ಚಿತ್ರದಲ್ಲಿ ತನ್ನ ಕಿವಿಯೋಲೆ ಎಲ್ಲಿ ಅಂತ ಮಾತ್ರ ಕೇಳಿದರು.

ಕೆಲವು ದಿನ ಬಿಟ್ಟು ಆ ಮ್ಯಾನೇಜರೇ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ, ನಿಮ್ಮದೊಂದು ಕರೆಯ ರೆಕಾರ್ಡ್ ಕೇಳಿದೆ, ಅದರ ಬಗ್ಗೆ ಮಾತಾಡಬೇಕು ಎಂದರು. ಹುಡುಗಿಯ ಕೆಲಸ ಹೋಯಿತಲ್ಲ ದೇವರೇ!

“ಅವಳು ಬೇರೆ ಯಾವುದೋ ಭಾಷೆಯಲ್ಲಿ ಏನೋ ಹೇಳಿದ್ದಾಳೆ. ಏನದು?”

“ಅದು… ಮೀನಿನ ವಿಷಯ ಸರ್,” ಎಂದೆ. “ಬರೀ ಮೀನಿನ ವಿಷಯ.”

ಆಚೆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಮ್ಯಾನೇಜರ್ ದನಿ ತಗ್ಗಿಸಿ, ನಮ್ಮ ಊರಿನವರ ಹಾಗೇ ರಾಗ ಎಳೆದು ಹೇಳಿದರು:

“ಅಕ್ಕಾ, ಗ್ರೇಲಾ ಬೊಡ್ಚಿ.”