ಎಲೆಕೋಸನ್ನು ತರಕಾರಿಯೆಂದು ಘೋಷಿಸುವ ಕುರಿತು

ಮೊರಬ, ೨೨-೧-೧೯೮೭

ಇಂದ,
ಮಡಿವಾಳೆಪ್ಪ, ಎರೆಹೊಲದ ಮಾಲೀಕ, ಮೊರಬ

ಗೆ,
ತಹಶೀಲ್ದಾರ ಸಾಹೇಬರು, ನವಲಗುಂದ

ವಿಷಯ: ನನ್ನ ಹೊಲದ ಎಲೆಕೋಸು ದೇವರಲ್ಲವೆಂದು ದೃಢಪತ್ರ ಕೊಡುವ ಬಗ್ಗೆ.

ಉಲ್ಲೇಖ: ನಮ್ಮೂರ ಕಂದಾಯ ನೋಡುವ ತಲಾಟಿಯವರ ಬಾಯಿಮಾತು: “ದೇವರ ಬಾಬತ್ತು ನನ್ನ ಕೈಯಾಗಿಲ್ಲೋ ತಮ್ಮಾ, ಸಾಹೇಬ್ರಿಗೆ ಬರಿ.”

ಮಾನ್ಯರೇ,

೧. ನನ್ನ ಹೆಂಡತಿ ರೇವವ್ವ ಕಲಘಟಗಿ ಕಡೆಯ ದೇವಿಕೊಪ್ಪದವಳು. ಅಲ್ಲಿ ಹಿತ್ತಲಲ್ಲಿ ಬೀಜ ಉಗುಳಿದರೂ ಬಳ್ಳಿ ಹಬ್ಬುತ್ತದೆ. ದಸರೆಗೆ ತವರಿಗೆ ಹೋಗುವಾಗ ಆಕೆ, “ನಿಮ್ಮೂರಾಗ ಬಿಸಲೊಂದs ಬೆಳಿತೈತ್ರಿ. ಹಸರಂದು ಏನರ ಬೆಳದ್ರ ಹೇಳಿ ಕಳಸ್ರಿ, ಬರ್ತೀನಿ” ಎಂದಳು.

೨. ನಾನು ಓದಿದ ರಷ್ಯನ್ ಕಾದಂಬರಿಗಳ ಅನುವಾದಗಳಲ್ಲಿ ಎಂಥ ದುಃಖದಲ್ಲೂ ಜನ ಎಲೆಕೋಸಿನ ಸಾರು ಉಣ್ಣುತ್ತಿದ್ದ ಕಾರಣ, ಎಲೆಕೋಸಿನ ಸಸಿಗಳನ್ನೇ ಹಚ್ಚಿದೆನು. ಅಲ್ಲಿ ಬೀಳುವ ಹಿಮವನ್ನು ಬರೀ ವರ್ಣನೆಯೆಂದು ತಿಳಿದಿದ್ದೆ. ಸಸಿಗಳೆಲ್ಲ ಸುಟ್ಟುಹೋಗಿ ಒಂದು ಉಳಿಯಿತು.

೩. ಆದ್ದರಿಂದ ಗೂಟ ನೆಟ್ಟು, ರೇವವ್ವ ಬಿಟ್ಟುಹೋದ ಹಸಿರು ಸೀರೆಯನ್ನು ಅದಕ್ಕೆ ನೆರಳಾಗಿ ಕಟ್ಟಿದೆ. ಎರೆಮಣ್ಣು ಬಿರಿಯದಿರಲೆಂದು ಬುಡದ ಸುತ್ತ ಕಲ್ಲಿಟ್ಟೆ. ಎಣಿಸಿರಲಿಲ್ಲ, ಐದಾದವು. ಹೊಲದಲ್ಲಿ ಐದು ಕಲ್ಲಿಟ್ಟು ಪೂಜಿಸುವ ಎಳ್ಳಮವಾಸ್ಯೆ ಮರುದಿನವೇ ಇತ್ತು.

೪. ಹೊಲಕ್ಕೆ ಎಡೆ ಚೆಲ್ಲಲು ಬಂದ ಊರ ಹಿರಿಯಳು ಫಕೀರವ್ವ ಅದಕ್ಕೆ ಕುಂಕುಮ ಹಚ್ಚಿ ಅಡ್ಡಬಿದ್ದಳು.
“ಯವ್ವಾ, ಅದು ಕೋಬಿ ಐತಿ” ಎಂದೆ.
“ಹೆಸರು ಹಿಡದು ಕರೀತಿಯೇನಲೇ? ಕೋಬೆವ್ವ ಅನ್ನು.”

೫. ಈಗ ಬಸ್ಸು ಅಲ್ಲಿ ನಿಲ್ಲುತ್ತದೆ. ನಾನು ಕುಡಗೋಲು ಹಿಡಿದು ಹೋದರೆ ಜನ ಅಡ್ಡ ನಿಲ್ಲುತ್ತಾರೆ. ನೀರು ಹಾಕಲು ಹೋದರೂ ಮೈ ತೊಳಕೊಂಡು ಬಾ ಎನ್ನುತ್ತಾರೆ.

೬. ನಿನ್ನೆ ದೇವಿಕೊಪ್ಪದ ಹೆಂಗಸರ ಜೊತೆ ರೇವವ್ವನೇ ಇಳಿದಳು.
“ಇದನ್ನ ನಿನ್ನ ಸಲುವಾಗಿ ಬೆಳದೇನಿ” ಎಂದೆ.
“ಹಂಗೆಲ್ಲಾ ಅನಬ್ಯಾಡ್ರಿ, ಕೇಳಸ್ಕೊಂತಾಳ.”
“ಸೀರಿನೂ ನಿಂದs ನೋಡು.”
“ಆಕಿಗೆ ಛಲೋ ಒಪ್ಪೇತಿ, ಇರ್ಲಿ ಬಿಡ್ರಿ.”
ಕಣ್ಣು ಮುಚ್ಚಿ ಬಹಳ ಹೊತ್ತು ಏನನ್ನೋ ಬೇಡಿಕೊಂಡಳು. ಏನೆಂದು ಕೇಳಿದೆ.
“ಹೇಳಿದ್ರ ಫಲಿಸೂದಿಲ್ರಿ” ಎಂದು ಬಂದ ಬಸ್ಸಿಗೇ ಹೊರಟುಹೋದಳು.

ಆದ್ದರಿಂದ ತಾವು ಖುದ್ದು ಸ್ಥಳ ಪರಿಶೀಲಿಸಿ, ಸದರಿ ಎಲೆಕೋಸು ತರಕಾರಿಯೆಂದು ದೃಢಪತ್ರ ಕೊಟ್ಟಲ್ಲಿ, ಪಲ್ಯ ಮಾಡಿಕೊಂಡು ದೇವಿಕೊಪ್ಪಕ್ಕೆ ಹೋಗುತ್ತೇನೆ. ಅದು ಕಾನೂನಿನಲ್ಲಿ ಕೂಡದಿದ್ದರೆ ಸದರಿ ದೇವಿಗೆ ನೋಟೀಸು ಜಾರಿ ಮಾಡಿ, ನನ್ನ ಹೆಂಡತಿ ಬೇಡಿದ್ದು ಮರಳಿ ಬರುವುದನ್ನೋ, ಬಾರದಿರುವುದನ್ನೋ ಎಂದು ಲಿಖಿತ ಉತ್ತರ ತರಿಸಿಕೊಡಬೇಕು. ದೇವಿಯ ಎಲೆಗಳು ಹಳದಿಯಾಗುತ್ತಿರುವ ಕಾರಣ ವಿಳಂಬವಾಗಬಾರದು.

ತಮ್ಮ ವಿಶ್ವಾಸಿ, ದೇವಿಗೆ ಗೊಬ್ಬರ ಹಾಕಿದವನು,
ಮಡಿವಾಳೆಪ್ಪ

ಲಗತ್ತು:
ಉದುರಿದ ಎಲೆ ಒಂದು, ಕುಂಕುಮ ಸಹಿತ.
ಪ್ರಸಾದದ ಕಾಯಿಹೋಳು ಒಂದು. ಸಾಕ್ಷ್ಯವಾದ್ದರಿಂದ ಕಚೇರಿಯಲ್ಲಿ ಯಾರೂ ತಿನ್ನಬಾರದೆಂದು ವಿನಂತಿ.